ನಮ್ಮ ನಲ್ಲಿಯ ಹಿಂದಿನ ಕಥೆ – ಭಾಗ 3: ಬೆಂಗಳೂರಿನ ಮೂರನೇ ಒಂದು ಪಾಲು

ಫೋಟೋದಲ್ಲಿ ದಾಸವಾಳದ ಕುಂಡ ಕಾಣ್ತಿದೆಯಲ್ಲ, ಅದರ ಕೆಳಗಿರೋದು ಉತ್ತರಹಳ್ಳಿಯ ನಮ್ಮ ಮನೆ ಬೋರ್‌ವೆಲ್. 2024ರ ಬೇಸಿಗೆಯಲ್ಲಿ ಬತ್ತಿತು. ಆ ಮಾರ್ಚ್ ಪೂರ್ತಿ ಟ್ಯಾಂಕರ್‌ನವರಿಗೆ ಫೋನ್ ಮಾಡೋದು ನನ್ನ ಡ್ಯೂಟಿ. ಈ ಬೋರ್‌ವೆಲ್ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಹೋದ ಭಾಗದಲ್ಲಿ ಮೈಸೂರು ಮತ್ತು ಮದ್ರಾಸ್ ನಡುವಿನ 1924ರ ಒಪ್ಪಂದ ನೋಡಿದ್ವಿ. ಅದರ ಕೆಲವು ಅಂಶಗಳನ್ನ 50 ವರ್ಷ ಆದಮೇಲೆ ಮತ್ತೆ ಪರಿಶೀಲಿಸಬೇಕಿತ್ತು. ಅಂದ್ರೆ 1974. ಕಾವೇರಿ ನೀರು ಪೈಪಿನಲ್ಲಿ ಬೆಂಗಳೂರಿಗೆ ಬಂದಿದ್ದೂ ಅದೇ 1974ರಲ್ಲಿ! ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರ. ನಡುವೆ ಹಾರೋಹಳ್ಳಿ, ತಾತಗುಣಿ ಪಂಪ್‌ಹೌಸ್‌ಗಳು. ಪಾರ್ಟ್‌ನರ್‌ಶಿಪ್ ಅಕೌಂಟ್ಸ್ ಓದಿರೋ ನಮ್ಮ ಕ್ಲಾಸಿನವರಿಗೆ ಗೊತ್ತು, ಹೊಸ ಪಾಲುದಾರ ಬಂದ್ರೆ ಹಳಬರ ಪಾಲು ಕಡಿಮೆ ಆಗಲೇಬೇಕು. ಜಗಳ ಶುರುವಾಗೋದೂ ಅಲ್ಲೇ.

1990ರಲ್ಲಿ ನ್ಯಾಯಮಂಡಳಿ ಆಯ್ತು, 2007ರ ಫೆಬ್ರವರಿಯಲ್ಲಿ ಅಂತಿಮ ತೀರ್ಪು. ಮೊದಲು ನದಿಯ ಲೆಕ್ಕ: 740 ಟಿಎಂಸಿ (ಒಂದು ಟಿಎಂಸಿ ಅಂದ್ರೆ 100 ಕೋಟಿ ಘನ ಅಡಿ). ಇದು '50% ಖಾತ್ರಿ'ಯ ಅಂಕಿ. ಎರಡು ವರ್ಷಕ್ಕೊಮ್ಮೆ ಇಷ್ಟು ಅಥವಾ ಜಾಸ್ತಿ ಬರುತ್ತೆ, ಉಳಿದ ವರ್ಷ ಕಡಿಮೆ ಅಂತ. ತಮಿಳುನಾಡಿಗೆ 419, ನಮಗೆ 270, ಕೇರಳಕ್ಕೆ 30, ಪುದುಚೇರಿಗೆ 7. ಉಳಿದ 14 ಪರಿಸರಕ್ಕೆ ಮತ್ತು ಸಮುದ್ರಕ್ಕೆ.

ಈಗ ಬೆಂಗಳೂರು. ನಮ್ಮೂರು ಏರಿನ ಮೇಲೆ ಕೂತಿದೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ದಾಟಿ ಸಂಗಮದಲ್ಲಿ ಕಾವೇರಿ ಸೇರುತ್ತೆ. ಪೂರ್ವಕ್ಕೆ ಬಿದ್ದಿದ್ದು ದಕ್ಷಿಣ ಪಿನಾಕಿನಿಗೆ. ಅದು ಬೇರೆ ನದಿ. ಹಾಗಾಗಿ ನ್ಯಾಯಮಂಡಳಿ ಅಂದಿದ್ದು: ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ, ಅಷ್ಟಕ್ಕೇ ಕುಡಿಯೋ ನೀರು. ಅದರಲ್ಲೂ ಅರ್ಧ ಅಂತರ್ಜಲದಿಂದ ಬರುತ್ತೆ ಅಂತ ಊಹೆ. ಆ 'ಅರ್ಧ' ಅಂದ್ರೆ ನಮ್ಮ ದಾಸವಾಳದ ಕೆಳಗಿರೋ ತೂತು!

ಆ ಗೆರೆ ಸುಳ್ಳಲ್ಲ, ಮಳೆ ಎತ್ತ ಹರಿಯುತ್ತೆ ಅಂತ ಸರಿಯಾಗೇ ಹೇಳುತ್ತೆ. ಆದರೆ ಯಾರ ಮನೆಗೆ ನೀರು ಕೊಡಬೇಕು ಅನ್ನೋದನ್ನ ಭೂಪಟ ತೀರ್ಮಾನಿಸಲ್ಲ, ಜನ ತೀರ್ಮಾನಿಸಬೇಕು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಈ ಎರಡೂ ಲೆಕ್ಕ ಒಪ್ಪದೆ ಬೆಂಗಳೂರಿಗಾಗಿ 4.75 ಟಿಎಂಸಿ ಸೇರಿಸಿತು. ತಮಿಳುನಾಡಲ್ಲಿ ಅಂತರ್ಜಲ ಇದೆ ಅಂತ ಇನ್ನೂ 10. ನಮ್ಮ ಪಾಲು 284.75 ಆಯ್ತು, ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದದ್ದು 192ರಿಂದ 177.25ಕ್ಕೆ ಇಳೀತು.

ಇಲ್ಲಿ ಸ್ವಲ್ಪ ನಿಲ್ಲಿ. ನಮ್ಮ ಅಂತರ್ಜಲ ಎಣಿಸಿದಾಗ ಅನ್ಯಾಯ ಅಂದ್ವಿ, ಅವರದ್ದು ಎಣಿಸಿದಾಗ ಖುಷಿಪಟ್ವಿ. ನಾನೂ ಅಷ್ಟೇ. ವ್ಯತ್ಯಾಸ ಇರೋದು ನಿಜ: ತಂಜಾವೂರು ಕಡೆ ನದಿ ತಂದು ಹಾಕಿದ ಮರಳು, ಮೆಕ್ಕಲು ಮಣ್ಣು, ನೀರು ಹಿಡಿಯುತ್ತೆ. ನಮ್ಮ ಕೆಳಗಿರೋದು ಗಟ್ಟಿ ಬಂಡೆ, ಬಿರುಕಲ್ಲಿ ಇದ್ದಷ್ಟೇ ನೀರು. ಆದರೆ ಎಳೆದು ಎಳೆದು ಬಳಸಿದ್ರೆ ಅವರ ಬಾವಿಯೂ ಇಳಿಯುತ್ತೆ. ಒಂದು ಸಲ ಎಣಿಸಿ ಬಿಟ್ಟರೆ ಸಾಲದು, ವರ್ಷ ವರ್ಷ ಅಳೀಬೇಕು.

ಮಳೆ ಕಡಿಮೆ ಆದ ವರ್ಷ ಎಲ್ಲರ ಪಾಲೂ ಅದೇ ಅನುಪಾತದಲ್ಲಿ ಇಳಿಯಬೇಕು ಅಂತ ತೀರ್ಪಲ್ಲೇ ಇದೆ. ಕಷ್ಟ ಏನಂದ್ರೆ ನಮಗೆ ಮಳೆ ಜೂನ್‌ನಿಂದ, ಅವರ ಹಿಂಗಾರು ಅಕ್ಟೋಬರ್‌ಗೆ. ಸೆಪ್ಟೆಂಬರ್‌ನಲ್ಲೇ 'ಈ ವರ್ಷ ಇಷ್ಟು ಕೊರತೆ' ಅಂತ ಹೇಳೋದು ಹೇಗೆ? 2023ರ ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್ ಆಗಿದ್ದೂ ಇಂಥ ಹೊತ್ತಲ್ಲೇ.

ಮುಂದಿನ ಭಾಗ: ಬಿಳಿಗುಂಡ್ಲುವಿನಲ್ಲಿ ಹರಿಯೋ ನೀರನ್ನ ಅಳೆಯೋದು ಹೇಗೆ. ಅಲ್ಲಿವರೆಗೆ ನಿಮ್ಮ ಮನೆ ಬೋರ್‌ವೆಲ್ ಎಷ್ಟು ಅಡಿ, ಯಾವ ವರ್ಷ ಬತ್ತಿತು ಅಂತ ಕಾಮೆಂಟಲ್ಲಿ ಹಾಕಿ. ಏರಿಯಾ ಹೆಸರು ಸಾಕು, ಅಡ್ರೆಸ್ ಬೇಡ.

#ಕಾವೇರಿ #ಉತ್ತರಹಳ್ಳಿ #ನಲ್ಲಿಕಥೆ