'ಲಂಬ ದೂರ': ಒಂದು ಪದದ ಹಿಂದಿನ ಚರಿತ್ರೆ

ಬ್ರಿಟನ್ನಿನಲ್ಲಿ ಜಿಸಿಎಸ್‌ಇ ಓದುವ ನಮ್ಮ ಮಕ್ಕಳು ಭೌತವಿಜ್ಞಾನದಲ್ಲಿ ಒಂದು ಸೂತ್ರವನ್ನು ಕಲಿಯುತ್ತಾರೆ: ಬಲವನ್ನು, ಆಧಾರಬಿಂದುವಿನಿಂದ ಅದರ ರೇಖೆಗಿರುವ ಲಂಬ ದೂರದಿಂದ ಗುಣಿಸಿದರೆ ಆ ಬಲದ ತಿರುಗಿಸುವ ಪರಿಣಾಮ, ಅಂದರೆ 'ಮೊಮೆಂಟ್', ದೊರೆಯುತ್ತದೆ. ಅವಸರದಲ್ಲಿ ಬಿಟ್ಟುಹೋಗುವ ಪದ 'ಲಂಬ'. ಸೂತ್ರದ ಜೀವವಿರುವುದು ಅದರಲ್ಲಿಯೇ.

ದೂರ ಹೆಚ್ಚಿದಷ್ಟೂ ಪರಿಣಾಮ ಹೆಚ್ಚುವುದೆಂದು ತಿಳಿಯಲು ಗ್ರಂಥ ಬೇಕಿರಲಿಲ್ಲ. ನಮ್ಮ ನಾಡಿನ ಬಾವಿಗಳ ಮೇಲಿದ್ದ ಏತವನ್ನು ನೆನೆಯೋಣ. ದಕ್ಷಿಣ ಭಾರತದ ಕೆಲವು ಏತಗಳಲ್ಲಿ ಆಳು ತೊಲೆಯ ಮೇಲೆಯೇ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದನು. ಅವನ ತೂಕ ಅಷ್ಟೇ ಇರುತ್ತಿತ್ತು. ಆನಿಕೆಯಿಂದ ಅವನಿಗಿದ್ದ ದೂರ ಬದಲಾಗುತ್ತಿತ್ತು. ಅಷ್ಟರಿಂದಲೇ ನೀರು ತುಂಬಿದ ಪಾತ್ರೆ ಮೇಲೇಳುತ್ತಿತ್ತು. (ಇಂದಿನ 'ಏತ ನೀರಾವರಿ' ಯೋಜನೆಗಳಲ್ಲಿರುವುದು ಪಂಪುಗಳು, ಹೆಸರು ಮಾತ್ರ ಉಳಿದಿದೆ.) ಹಾಗೆಂದು ಸನ್ನೆಯ ನಿಯಮವನ್ನು ನಮ್ಮವರೇ ಮೊದಲು ಕಂಡುಹಿಡಿದರೆಂದು ಸಾರಲು ನಾವು ಹೊರಟಿಲ್ಲ. ಬಳಸಿ ಬಲ್ಲವರು ಬಹಳ ದೇಶಗಳಲ್ಲಿದ್ದರು. ಸಾಧಿಸಿ ತೋರಿಸಿದವರು ವಿರಳ.

ಕ್ರಿ.ಪೂ. 3ನೆಯ ಶತಮಾನದಲ್ಲಿ ಸಿರಾಕ್ಯೂಸಿನ ಆರ್ಕಿಮಿಡೀಸನು ಅದನ್ನು ಸಾಧಿಸಿದನು. ಸಮದೂರದಲ್ಲಿರುವ ಸಮತೂಕಗಳು ತೂಗಿ ನಿಲ್ಲುತ್ತವೆ ಎಂಬ ಹೇಳಿಕೆಯಿಂದ ಹೊರಟು, ತೂಕಗಳು ದೂರಗಳಿಗೆ ವಿಲೋಮಾನುಪಾತದಲ್ಲಿದ್ದರೆ ಸನ್ನೆ ಸಮವಾಗಿ ನಿಲ್ಲುವುದೆಂದು ತೋರಿಸಿದನು: 1 ಮೀಟರಿನಲ್ಲಿ 6 ಕಿಲೋ ಇದ್ದರೆ, ಆಚೆಗೆ 2 ಮೀಟರಿನಲ್ಲಿ 3 ಕಿಲೋ ಸಾಕು. ಸಾಧಿಸಬೇಕಾದುದೇ ಊಹೆಯೊಳಗೆ ಅಡಗಿದೆಯೆಂದು ಅರ್ನ್ಸ್ಟ್ ಮಾಖ್ 1883ರಲ್ಲಿ ಆಕ್ಷೇಪಿಸಿದನು. ಆಕ್ಷೇಪದಲ್ಲಿ ಹುರುಳಿದೆಯೆಂದೇ ನಮಗೆ ತೋರುತ್ತದೆ.

ಆದರೆ ಸನ್ನೆ ನೇರವಾಗಿರದೆ ಬಾಗಿದ್ದರೆ? ಆಗ ಯಾವ ದೂರವನ್ನು ಅಳೆಯಬೇಕು? ಕ್ರಿ.ಶ. 1ನೆಯ ಶತಮಾನದ ಅಲೆಗ್ಸಾಂಡ್ರಿಯದ ಹೀರೋ ಇದನ್ನು ಬಿಡಿಸಿದನು. ತೋಳಿನ ಉದ್ದವನ್ನು ಬದಿಗಿಟ್ಟು, ತೂಕ ತೂಗುವ ದಾರದ ರೇಖೆಗಿರುವ ಲಂಬ ದೂರವನ್ನು ಹಿಡಿಯಬೇಕು. ಹೀರೋವಿನ ಯಂತ್ರಶಾಸ್ತ್ರದ ಗ್ರೀಕ್ ಮೂಲವು ತುಣುಕುಗಳ ಹೊರತು ನಷ್ಟವಾಗಿದೆ. 9ನೆಯ ಶತಮಾನದಲ್ಲಿ ಕುಸ್ತಾ ಇಬ್ನ್ ಲೂಕಾ ಅರಬ್ಬಿಗೆ ಅನುವಾದಿಸದಿದ್ದರೆ ಈ ಕೃತಿ ಇಂದು ನಮ್ಮ ಕೈಗೆ ಇಡಿಯಾಗಿ ದೊರೆಯುತ್ತಿರಲಿಲ್ಲ. 13ನೆಯ ಶತಮಾನದ ಯೂರೋಪಿನಲ್ಲಿ, ಜೋರ್ಡಾನಸನ ಹೆಸರಿನಲ್ಲಿರುವ ಲ್ಯಾಟಿನ್ ಗ್ರಂಥವೊಂದು ಬಾಗಿದ ಸನ್ನೆಯ ನಿಯಮವನ್ನು ತನ್ನದೇ ದಾರಿಯಲ್ಲಿ ಸಾಧಿಸಿತು.

'ಟಾರ್ಕ್' ಎಂಬ ಪದವಂತೂ ತೀರ ಈಚಿನದು. ಲ್ಯಾಟಿನ್ನಿನಲ್ಲಿ 'ತಿರುಚು' ಎಂಬರ್ಥದ ಧಾತುವಿನಿಂದ ಅದನ್ನು 1884ರಲ್ಲಿ ಬಳಕೆಗೆ ತಂದವನು ಬೆಲ್‌ಫಾಸ್ಟಿನಲ್ಲಿ ಹುಟ್ಟಿ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕನಾಗಿದ್ದ ಜೇಮ್ಸ್ ಥಾಮ್ಸನ್, ಲಾರ್ಡ್ ಕೆಲ್ವಿನ್ನನ ಅಣ್ಣ.