ಟುಪೆಲೊ

ಟುಪೆಲೊ: ನಿಸೇಸಿ ಕುಟುಂಬದ ನಿಸ್ಸ ಜಾತಿಗೆ ಸೇರಿದ ಮರಗಳ ಸಾಮಾನ್ಯ ಹೆಸರು. ಹೆಚ್ಚಿನವು ಎಲೆಯುದುರಿಸುವಂಥವು. ಉತ್ತರ ಅಮೆರಿಕದ ಪೂರ್ವ ಭಾಗ ಮತ್ತು ಏಷ್ಯದ ಪೂರ್ವ, ಆಗ್ನೇಯ ಭಾಗಗಳು ಇವುಗಳ ಮುಖ್ಯ ನೆಲೆ. ಯುರೋಪಿನಲ್ಲಿ ಈಗ ಪಳೆಯುಳಿಕೆಗಳಷ್ಟೇ ಸಿಗುತ್ತವೆ.

ಅಮೆರಿಕದ ಮೂಲನಿವಾಸಿಗಳಾದ ಕ್ರೀಕ್ ಜನರ ಮಾತಿನಲ್ಲಿ ಇಟೊ ಎಂದರೆ ಮರ, ಒಪಿಲ್ವ ಎಂದರೆ ಜೌಗು. ಇವೆರಡೂ ಕೂಡಿ ಟುಪೆಲೊ ಆಗಿದೆ. ಲಿನೇಯಸ್ 1753ರಲ್ಲಿ ಬಳಸಿದ ನಿಸ್ಸ ಅಕ್ವಾಟಿಕ ಎಂಬ ಹೆಸರಿನಲ್ಲೂ ನೀರೇ ಇದೆ: ನೀಸ ಗ್ರೀಕ್ ಪುರಾಣದ ಜಲದೇವತೆ, ಅಕ್ವಾಟಿಕ ಎಂದರೆ ನೀರಿನಲ್ಲಿರುವ. ಬುಡ ಊದಿಕೊಂಡು ನಿಂತ ನೀರಿನಲ್ಲೇ ಬೆಳೆಯುವ ಈ ಮರಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗದು.

ಇಂಗ್ಲಿಷಿನ ಬಳಕೆಯ ಹೆಸರುಗಳು ಹಾಗಲ್ಲ. ಕಾಡಿನ ನಿಸ್ಸ ಎಂಬರ್ಥದ ನಿಸ್ಸ ಸಿಲ್ವಾಟಿಕವನ್ನು ಬ್ಲ್ಯಾಕ್ ಗಮ್ ಎನ್ನುತ್ತಾರೆ. ಗಮ್ ಎಂದರೆ ಅಂಟು, ಆದರೆ ಈ ಮರದಿಂದ ಅಂಟು ಒಸರುವುದೇ ಇಲ್ಲ. ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಬೀಟಲ್‌ಬಂಗ್ ಎಂಬ ಹೆಸರೇ ವಾಸಿ. ಬೀಟಲ್ ಎಂದರೆ ಇಲ್ಲಿ ದುಂಬಿಯಲ್ಲ, ಕೊಡತಿ. ಬಂಗ್ ಎಂದರೆ ಪೀಪಾಯಿಯ ಬಿರಡೆ. ಎಳೆಗಳು ಹೆಣೆದುಕೊಂಡಿರುವ ಈ ಮರ ಸುಲಭವಾಗಿ ಸೀಳುವುದಿಲ್ಲ, ಆದ್ದರಿಂದ ಕೊಡತಿಗೆ ಹೇಳಿ ಮಾಡಿಸಿದಂತಿದೆ.

ಸಸ್ಯದ ಹೆಸರಿನ ಮುಂದೆ ಹೆಸರಿಟ್ಟವರನ್ನು ನಮೂದಿಸುವುದು ವಾಡಿಕೆ. ಸಿಲ್ವಾಟಿಕವನ್ನು 1785ರಲ್ಲಿ ಹಂಫ್ರಿ ಮಾರ್ಷಲ್ ತನ್ನ ಪುಸ್ತಕದಲ್ಲಿ ಪ್ರಕಟಿಸಿದ. ಅದೇ ಪುಸ್ತಕದ ನಿಸ್ಸ ಒಗೀಚಿ ಹೆಸರಿನ ಮುಂದೆ 'ಬಾರ್ಟ್ರಮ್ ಎಕ್ಸ್ ಮಾರ್ಷಲ್' ಎಂದಿರುತ್ತದೆ: ಹೆಸರು ಸೂಚಿಸಿದವ ವಿಲಿಯಮ್ ಬಾರ್ಟ್ರಮ್, ಅಚ್ಚಿಗೆ ತಂದವ ಮಾರ್ಷಲ್. ನಿಸ್ಸ ಬೈಫ್ಲೋರವನ್ನು ಥಾಮಸ್ ವಾಲ್ಟರ್ ಪ್ರತ್ಯೇಕ ಪ್ರಭೇದವೆಂದ. ಸಸ್ಯವಿಜ್ಞಾನಿ ಸಾರ್ಜೆಂಟ್ ಅದನ್ನು ಸಿಲ್ವಾಟಿಕದ ಒಂದು ಬಗೆಯ (ವೆರೈಟಿ) ಮಟ್ಟಕ್ಕೆ ಇಳಿಸಿದ. ಅವನನ್ನು ಅನುಸರಿಸುವವರು ವಾಲ್ಟರನ ಹೆಸರನ್ನು ಆವರಣದೊಳಗೆ ಹಾಕಿ, ಸಾರ್ಜೆಂಟನ ಹೆಸರನ್ನು ಹೊರಗೆ ಬರೆಯುತ್ತಾರೆ. ಬೈಫ್ಲೋರ ಪ್ರತ್ಯೇಕ ಪ್ರಭೇದವೇ ಎಂಬ ವಿಚಾರದಲ್ಲಿ ಇಂದಿಗೂ ಒಮ್ಮತವಿಲ್ಲ.

ಒಗೀಚಿಯ ಹುಳಿ ಹಣ್ಣಿಗಿಂತ ಅದರ ಹೂವಿನ ಜೇನು ಹೆಸರುವಾಸಿ. ಫ್ಲಾರಿಡದ ಅಪಲಾಚಿಕೋಲ ನದಿಯ ಜೌಗಿನಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ಇದನ್ನು ಕೂಡಿಸುತ್ತಾರೆ. ಫ್ರಕ್ಟೋಸ್ ಹೆಚ್ಚಾಗಿರುವ ಈ ಜೇನುತುಪ್ಪ ಬಹುಕಾಲ ಇಟ್ಟರೂ ಹರಳುಗಟ್ಟುವುದಿಲ್ಲ.

ಭಾರತದಲ್ಲಿ ನಿಸ್ಸ ಜಾವಾನಿಕ ಈಶಾನ್ಯದ ಕಾಡುಗಳಲ್ಲಿದೆ. ಹಳೆಯ ಗ್ರಂಥಗಳಲ್ಲಿ ನಿಸ್ಸ ಜಾತಿಯನ್ನು ಕಾರ್ನೇಸಿ ಕುಟುಂಬದಲ್ಲಿ ಕಾಣುವುದುಂಟು. ಹೂಬಿಡುವ ಸಸ್ಯಗಳ 2016ರ ಎಪಿಜಿ ವರ್ಗೀಕರಣ ನಿಸೇಸಿಯನ್ನು ಬೇರೆ ಕುಟುಂಬವಾಗಿ ಎಣಿಸಿ, ಮ್ಯಾಸ್ಟಿಕ್ಸಿಯ ಜಾತಿಯನ್ನೂ ಅದಕ್ಕೆ ಸೇರಿಸಿತು. ಹೀಗೆ ಪಶ್ಚಿಮಘಟ್ಟದ ನಿತ್ಯಹಸಿರು ಕಾಡಿನ ಮ್ಯಾಸ್ಟಿಕ್ಸಿಯ ಆರ್ಬೋರಿಯ ಕೂಡ ಈಗ ಟುಪೆಲೊವಿನ ಕುಟುಂಬದ ಮರವೇ.