ಅಂಗೈಯಗಲದ ರಣರಂಗ

ನವರಾತ್ರಿ ಬಂತೆಂದರೆ ಜಯನಗರ, ಬನಶಂಕರಿ, ಜೆ.ಪಿ. ನಗರದ ಎಷ್ಟೋ ಮನೆಗಳಲ್ಲಿ ಗೊಂಬೆಗಳು ಕೂರುತ್ತವೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಕೆಳಗೆ ದೇವರುಗಳು, ಅಂಗಡಿ ಹೂಡಿದ ಶೆಟ್ಟಿ-ಶೆಟ್ಟಮ್ಮ. ಇನ್ನೂ ಕೆಳಗೆ ಜಂಬೂಸವಾರಿ: ಆನೆ, ಕುದುರೆ, ಬಂದೂಕು ಹೆಗಲಿಗೇರಿಸಿದ ಸಿಪಾಯಿಗಳ ಸಾಲು. ತಿಲಕನಗರ, ಗುರಪ್ಪನಪಾಳ್ಯದ ನಮ್ಮ ಮಕ್ಕಳೂ ಸಹಪಾಠಿಗಳ ಮನೆಗೆ ಹೋಗಿ ಗೊಂಬೆ ನೋಡಿ, ಉಸಲಿ ತಿಂದು ಬರುವುದುಂಟು. ಈಗ ಮೊಬೈಲ್ ಕ್ಯಾಮೆರಾ ಇರುವುದರಿಂದ ನೋಡುವುದರ ಜೊತೆಗೆ ಫೋಟೋ ತೆಗೆಯುವುದೂ ಸೇರಿಕೊಂಡಿದೆ.

ಸಿಪಾಯಿ ಗೊಂಬೆಯ ಫೋಟೋ ತೆಗೆಯುವವರಿಗೆ ಒಂದು ಗುಟ್ಟು ಬೇಗ ತಿಳಿಯುತ್ತದೆ. ನಿಂತುಕೊಂಡು ತೆಗೆದರೆ ಗೊಂಬೆ ಗೊಂಬೆಯಾಗಿಯೇ ಕಾಣುತ್ತದೆ. ನೆಲಕ್ಕೆ ಬೋರಲು ಮಲಗಿ ಕ್ಯಾಮೆರಾವನ್ನು ಅದರ ಕಣ್ಣಿನ ಮಟ್ಟಕ್ಕೆ ಇಳಿಸಿದರೆ ಎರಡಂಗುಲದ ಸಿಪಾಯಿ ಆರಡಿ ಆಳಾಗುತ್ತಾನೆ. ಹಿಂದಿನ ಗೋಡೆ, ಕುರ್ಚಿಯ ಕಾಲು ಮಸುಕಾಗಿ ಮರೆಯಾಗುತ್ತವೆ. ಊದಿನಕಡ್ಡಿಯ ಹೊಗೆ ಫಿರಂಗಿಯ ಹೊಗೆಯಾಗುತ್ತದೆ. ಹೊರದೇಶಗಳಲ್ಲಿ ಇದು ದೊಡ್ಡವರ ಹವ್ಯಾಸ. ಕೆಲವರಿಗೆ ಕಲೆಯೂ ಹೌದು. ಅಮೆರಿಕದ ಡೇವಿಡ್ ಲೆವಿಂತಾಲ್ 1977ರಲ್ಲಿ ಗ್ಯಾರಿ ಟ್ರೂಡೋ ಜೊತೆ ಸೇರಿ, ಹಿಟ್ಲರನ ರಷ್ಯಾ ದಂಡಯಾತ್ರೆಯ ಪುಸ್ತಕವನ್ನು ಆಟಿಕೆ ಸೈನಿಕರ ಫೋಟೋಗಳಿಂದ ಕಟ್ಟಿದ. ವಸಾಹತುಶಾಹಿ ಯುದ್ಧಗಳನ್ನೂ ಹೀಗೆ ಮೇಜಿನ ಮೇಲೆ ಹೂಡಿ ಫೋಟೋ ತೆಗೆಯುವವರಿದ್ದಾರೆ. ಅಂಥ ಯುದ್ಧ ನಮ್ಮ ಬೆಂಗಳೂರಿನಲ್ಲೇ ನಡೆದದ್ದರಿಂದ ನಾವು ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಗುತ್ತದೆ. ಕ್ಯಾಮೆರಾ ಇಳಿಯುವುದು ಯಾರ ಕಣ್ಣಿನ ಮಟ್ಟಕ್ಕೆ?

ಮಕ್ಕಳ ಆಟಕ್ಕೆ ತಕರಾರು ತೆಗೆಯುವುದು ನಮ್ಮ ಉದ್ದೇಶವಲ್ಲ. ಹಜ್ರತ್ ಆಯಿಶಾ ಅವರ ಗೊಂಬೆಗಳ ನಡುವೆ ರೆಕ್ಕೆಯುಳ್ಳ ಕುದುರೆಯೊಂದಿತ್ತೆಂದೂ ಅದನ್ನು ಕಂಡು ಪ್ರವಾದಿಯವರು ನಕ್ಕರೆಂದೂ ಹದೀಸಿನಲ್ಲಿದೆ. ಆಟಿಕೆಯನ್ನು ಯಾರು ಮಾಡಿದರು, ಯಾರನ್ನು ಎಲ್ಲಿ ನಿಲ್ಲಿಸಿದರು ಎಂಬುದಷ್ಟೇ ನಮ್ಮ ವಿಚಾರ.

ಲಂಡನ್ನಿನ ಬ್ರಿಟನ್ಸ್ ಕಂಪನಿ 1893ರಿಂದ ಒಳಗೆ ಪೊಳ್ಳಾದ ಸೀಸದ ಸೈನಿಕರನ್ನು ಎರಕ ಹೊಯ್ದು ಮಾರಿತು. ಪೊಳ್ಳಾದ್ದರಿಂದ ಸೀಸ ಕಡಿಮೆ, ಬೆಲೆಯೂ ಕಡಿಮೆ. 54 ಮಿಲಿಮೀಟರ್ ಅಳತೆಯ ಈ ಸೈನಿಕರು ಇಂಗ್ಲಿಷ್ ಮಕ್ಕಳ ಕೋಣೆಗಳನ್ನು ತುಂಬಿದರು. ಆ ಪೆಟ್ಟಿಗೆಗಳಲ್ಲಿ ಪೇಟ ಸುತ್ತಿದ ಮದ್ರಾಸ್, ಬಂಗಾಳ ರೆಜಿಮೆಂಟುಗಳ ಸವಾರರೂ ಇದ್ದರು. ನಮ್ಮ ನಾಡಿನ ಬಡವರ ಮಕ್ಕಳು ಸಾಮ್ರಾಜ್ಯಕ್ಕಾಗಿ ಕಾದಾಡಿದ್ದು ಅಲ್ಲಿನ ಮಕ್ಕಳಿಗೆ ಬಣ್ಣದ ಆಟಿಕೆಯಾಯಿತು. ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ಈ ಆಟಕ್ಕೆ ನಿಯಮಗಳ ಪುಸ್ತಕವನ್ನೇ ಬರೆದ. ನಿಜವಾದ ಯುದ್ಧಕ್ಕಿಂತ ಪುಟ್ಟ ಯುದ್ಧವೇ ಲೇಸೆಂಬುದು ಅವನ ವಾದ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು.

ಇನ್ನು ನಮ್ಮೂರಿನ ಯುದ್ಧಕ್ಕೆ ಬರೋಣ. ಜಯನಗರದ ಬಡಾವಣೆ ಹುಟ್ಟಿದ್ದು 1948ರಲ್ಲಿ. ಅದಕ್ಕೂ ಒಂದೂವರೆ ಶತಮಾನ ಹಿಂದೆ, 1791ರ ಮಾರ್ಚ್ 7ರಂದು, ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರು ಪೇಟೆಗೆ ನುಗ್ಗಿತು. 21ರ ರಾತ್ರಿ ಕೋಟೆ ಬಿತ್ತು. ಕೋಟೆ ಕಾಯುತ್ತಿದ್ದ ವೃದ್ಧ ಕಿಲ್ಲೇದಾರ ಬಹಾದೂರ್ ಖಾನ್ ಕಾದಾಡುತ್ತಲೇ ಸತ್ತ. ಕೃಷ್ಣರಾಜ ಮಾರುಕಟ್ಟೆಯ ಹತ್ತಿರ ಉಳಿದಿರುವ ಕೋಟೆಯ ಗೋಡೆಯಲ್ಲಿ, ಬ್ರಿಟಿಷರು ಒಳನುಗ್ಗಿದ ಜಾಗವಿದು ಎಂದು ಸಾರುವ ಕಲ್ಲಿದೆ. ಗೋಡೆ ನಮ್ಮದು, ಮಾತು ಗೆದ್ದವರದು.

ಆಗಿನ್ನೂ ಕ್ಯಾಮೆರಾ ಇರಲಿಲ್ಲ. ಆ ಕೆಲಸವನ್ನು ಮಾಡಿದವನು ಕಂಪನಿಯ ಸೈನ್ಯದ ಜೊತೆ ಬಂದ ಚಿತ್ರಕಾರ ರಾಬರ್ಟ್ ಹೋಮ್. ಪೇಟೆಯ ಬಾಗಿಲಲ್ಲಿ ಬಿದ್ದ ಕರ್ನಲ್ ಮೂರ್‌ಹೌಸ್‌ನ ಸಾವನ್ನು ಅವನು ದೊಡ್ಡ ಚಿತ್ರವಾಗಿ ಬರೆದ. ಮರುವರ್ಷ, 1792ರಲ್ಲಿ, ಸಂಧಾನದ ಒತ್ತೆಯಾಗಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸ್‌ಗೆ ಒಪ್ಪಿಸಲಾಯಿತು. ಅಬ್ದುಲ್ ಖಾಲಿಕ್‌ಗೆ ಸುಮಾರು ಹತ್ತು ವರ್ಷ, ಮುಯಿಜುದ್ದೀನ್‌ಗೆ ಎಂಟು. ಕಾರ್ನ್‌ವಾಲಿಸ್ ಇಬ್ಬರಿಗೂ ಚಿನ್ನದ ಗಡಿಯಾರ ಕೊಟ್ಟ. ಈ ದೃಶ್ಯವನ್ನು ಹೋಮ್ ಬರೆದ, ಬೇರೆಯವರೂ ಬರೆದರು. ಅಚ್ಚಾಗಿ ಇಂಗ್ಲೆಂಡಿನ ಮನೆಗಳ ಗೋಡೆ ಸೇರಿತು. ತಂದೆಯಿಂದ ಬೇರ್ಪಟ್ಟ ಎರಡು ಮಕ್ಕಳು ಅಲ್ಲಿ ಕಾಣುವುದು ದಯಾಳು ಗೌರ್ನರ್ ಜನರಲ್‌ನ ಎದುರು ನಿಂತ ಅಂದದ ಗೊಂಬೆಗಳ ಹಾಗೆ. ಅವರು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ. ಆ ಎರಡು ವರ್ಷಗಳ ರಾತ್ರಿಗಳನ್ನು ಯಾವ ಚಿತ್ರಕಾರನೂ ಬರೆಯಲಿಲ್ಲ.

ಕ್ಯಾಮೆರಾ ಬಂದ ಮೇಲೆ ಸತ್ಯ ಬಂತೇ? 1858ರಲ್ಲಿ ಫೆಲಿಸ್ ಬೆಯಾತೊ ಲಖನೌದ ಸಿಕಂದರ್ ಬಾಗಿನ ಅಂಗಳದಲ್ಲಿ ಪ್ರಸಿದ್ಧ ಫೋಟೋ ತೆಗೆದ. ಅಂಗಳದ ತುಂಬ ಬಂಡೆದ್ದ ಸಿಪಾಯಿಗಳ ಎಲುಬುಗಳು. ಆದರೆ ಅಲ್ಲಿ ಕಾದಾಟ ನಡೆದದ್ದು ತಿಂಗಳುಗಳ ಹಿಂದೆ, 1857ರ ನವೆಂಬರಿನಲ್ಲಿ. ಫೋಟೋಗಾಗಿ ಎಲುಬುಗಳನ್ನು ಹೊರತೆಗೆಸಿ ಹರಡಿಸಲಾಗಿತ್ತು. ಮೇಜಿನ ಮೇಲೆ ಸೀಸದ ಗೊಂಬೆ ಜೋಡಿಸುವವನಾದರೂ ಇದು ಆಟ ಎಂದು ಒಪ್ಪುತ್ತಾನೆ. ಅಲ್ಲಿ ಜೋಡಿಸಿದ್ದು ಮನುಷ್ಯರನ್ನು, ಹೇಳಿದ್ದು ಇದೇ ಚರಿತ್ರೆ ಎಂದು.

ಮೈಸೂರಿನವರೂ ಸುಮ್ಮನಿರಲಿಲ್ಲ. 1780ರ ಪೊಲ್ಲಿಲೂರು ಕದನದಲ್ಲಿ ಹೈದರ್ ಮತ್ತು ಟಿಪ್ಪು ಕಂಪನಿಯ ಸೈನ್ಯವನ್ನು ಸೋಲಿಸಿದ್ದನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲೆ ಬರೆಸಲಾಯಿತು. ಸಾಲುಸಾಲು ಪುಟ್ಟ ಸೈನಿಕರು, ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಬೆರಳು ಕಚ್ಚುತ್ತಾ ಕೂತ ಕರ್ನಲ್ ಬೇಲಿ. ಟಿಪ್ಪುವಿನ ಮರದ ಹುಲಿಯಂತೂ ಲೋಕಪ್ರಸಿದ್ಧ. ಕೆಂಪು ಕೋಟಿನ ಬಿಳಿಯನ ಮೇಲೆ ಹುಲಿ ಎರಗಿದೆ. ಹಿಡಿ ತಿರುಗಿಸಿದರೆ ಅದು ಗುರುಗುಡುತ್ತದೆ, ಬಿದ್ದವನು ಕೈ ಆಡಿಸಿ ನರಳುತ್ತಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅದು ಲೂಟಿಯಾಗಿ ಲಂಡನ್ನಿಗೆ ಹೋಯಿತು. 1808ರಿಂದ ಕಂಪನಿಯ ಮನೆಯಲ್ಲಿ ಪ್ರದರ್ಶನಕ್ಕಿತ್ತು, ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಮೈಸೂರಿನ ಸಿಟ್ಟು ಅಲ್ಲಿ ನೋಡುವವರ ಮೋಜಾಯಿತು.

ಆದರೆ ನಮ್ಮ ಗೋಡೆಯ ಚಿತ್ರದಲ್ಲೂ ಅವರ ಚಿತ್ರದಲ್ಲೂ ದೊಡ್ಡವರು ದೊಡ್ಡವರಾಗಿಯೇ ಇದ್ದಾರೆ. ಮುಖ ಸಿಗದೆ ಹೋದವರು ಬೇರೆ. ಬೆಂಗಳೂರು ಗೆದ್ದ ಎರಡೇ ತಿಂಗಳಲ್ಲಿ, 1791ರ ಮೇ ತಿಂಗಳಲ್ಲಿ, ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದಿಂದ ಹಿಂದಿರುಗಬೇಕಾಯಿತು. ಕಾರಣ ಫಿರಂಗಿ ಎಳೆಯುವ ಎತ್ತುಗಳು. ಮೇವಿಲ್ಲದೆ, ರೋಗ ತಗುಲಿ ಅವು ಸಾಲುಸಾಲಾಗಿ ಸತ್ತವು. ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ಅವನೇ ಕೆಡಿಸಿ ಬಿಟ್ಟುಹೋದ. ಸೈನ್ಯಕ್ಕೆ ಅಕ್ಕಿ, ಕಾಳು ಹೇರಿಕೊಂಡು ಬರುತ್ತಿದ್ದವರು ಲಂಬಾಣಿಗಳು. ಇಂಗ್ಲಿಷರ ಬರಹಗಳಲ್ಲಿ ಅವರು ‘ಬ್ರಿಂಜಾರಿ’ಗಳು. ಯುದ್ಧದ ಹಣೆಬರಹವನ್ನು ಎತ್ತು, ಮೇವು, ಧಾನ್ಯದ ಚೀಲ ಬರೆದವು. ಆಟಿಕೆಯ ಮೇಜಿನ ಮೇಲೆ ಸತ್ತ ಎತ್ತಿಗೆ, ಸುಟ್ಟ ಹೊಲದ ರೈತನಿಗೆ ಜಾಗ ಸಿಗುವುದು ಅಪರೂಪ.

ಇದನ್ನು ಹೇಳಬೇಕಾದ ಕಾರಣ ಇಂದಿನದು. 2015ರಲ್ಲಿ ಸರ್ಕಾರ ಶುರುಮಾಡಿದ ಟಿಪ್ಪು ಜಯಂತಿ 2019ರಲ್ಲಿ ನಿಂತಿತು. ಈ ನಡುವೆ ನಮ್ಮ ಊರುಗಳಲ್ಲಿ ಹದಿನೆಂಟನೇ ಶತಮಾನ ಬರೀ ಎರಡು ಬಣ್ಣಗಳ ಪೆಟ್ಟಿಗೆಯಾಯಿತು. ಒಂದು ಕಡೆ ಹಸಿರು ಗೊಂಬೆ, ಇನ್ನೊಂದು ಕಡೆ ಕೇಸರಿ ಗೊಂಬೆ. ಶಾಲೆಯಲ್ಲಿ ನಮ್ಮ ಹುಡುಗನನ್ನು ‘ನೀನು ಆ ಕಡೆಯವನು’ ಎಂದು ನಿಲ್ಲಿಸುವ ಆಟವೂ ನಡೆಯುತ್ತದೆ. 1791ರ ಸೈನ್ಯಗಳು ಈ ಪೆಟ್ಟಿಗೆಯಲ್ಲಿ ಹಿಡಿಯುವುದಿಲ್ಲ. ಟಿಪ್ಪುವಿನ ಬಲಗೈಯಾಗಿದ್ದವರಲ್ಲಿ ಪೂರ್ಣಯ್ಯನವರಿದ್ದರು. ಕಂಪನಿಯ ಜೊತೆ ಹೈದರಾಬಾದಿನ ನಿಜಾಮನೂ ಇದ್ದ, ಮರಾಠರೂ ಇದ್ದರು. ಕಂಪನಿಯ ಕೆಂಪು ಕೋಟಿನೊಳಗೆ ಹೆಚ್ಚಿನವರು ಮದ್ರಾಸ್, ಬಂಗಾಳದ ಸಿಪಾಯಿಗಳು. ಹಿಂದೂಗಳೂ ಮುಸಲ್ಮಾನರೂ ತಿಂಗಳ ಸಂಬಳಕ್ಕೆ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದರು. ಧರ್ಮ ನೋಡಿ ಬಣ್ಣ ಬಳಿಯಲು ಹೊರಟರೆ ಒಂದೇ ಸಾಲಿನಲ್ಲಿ ಎಷ್ಟು ಸಲ ಕುಂಚ ತೊಳೆಯಬೇಕಾದೀತು!

ಹಾಗಾಗಿ ಮಕ್ಕಳು ಬೆಂಗಳೂರಿನ ಮುತ್ತಿಗೆಯನ್ನು ಮೇಜಿನ ಮೇಲೆ ಹೂಡಿದರೆ ಹೂಡಲಿ. ಚನ್ನಪಟ್ಟಣದ ಅರಗಿನ ಆಟಿಕೆಗಳನ್ನು ಕಡೆಯುವ ಕೈಗಳು ಹತ್ತಿರದಲ್ಲೇ ಇವೆ. ಅವುಗಳಲ್ಲಿ ಅನೇಕವು ನಮ್ಮ ಜನರವು. ಪೇಟೆ ಬಿಟ್ಟು ಓಡುವ ನೇಕಾರ, ಚೀಲ ಹೊತ್ತ ಲಂಬಾಣಿ ಹೆಂಗಸು, ಕಾಲು ಚಾಚಿ ಬಿದ್ದ ಎತ್ತು, ಗಡಿಯಾರ ಹಿಡಿದು ನಿಂತ ಎಂಟು ವರ್ಷದ ಹುಡುಗ ಇವರ ಗೊಂಬೆಗಳನ್ನೂ ಅವರಿಂದ ಮಾಡಿಸಿ ಮಕ್ಕಳ ಕೈಗೆ ಕೊಡೋಣ. ಅವರ ಕಣ್ಣಿನ ಮಟ್ಟಕ್ಕೂ ಒಮ್ಮೆ ಕ್ಯಾಮೆರಾ ಇಳಿಯಲಿ. ಆಗ ಫೋಟೋದಲ್ಲಿ ಕಾಣುವುದು ಗೆದ್ದವನ ಎದೆಯಲ್ಲ, ಅವನ ಕುದುರೆಯ ಗೊರಸು.